ಸ್ಟೆನೋಗೊಬ್ಬ ಸ್ಟೆನೋ

ಮೂವತ್ತೊಂದು ವರ್ಷ ನಾನು ಬೇರೆಯವರು ಹೇಳಿದ್ದನ್ನು ಬರೆದುಕೊಂಡು ಬದುಕಿದವನು. ಮಂಡ್ಯದ ಒಂದು ಸರ್ಕಾರಿ ಕಚೇರಿಯಲ್ಲಿ ನನ್ನ ಹುದ್ದೆಯ ಹೆಸರು ಶೀಘ್ರಲಿಪಿಗಾರ. ಎಲ್ಲರ ಬಾಯಲ್ಲಿ ಸ್ಟೆನೋ. ಒಳಗೆ ಬೆಲ್ ಆದರೆ ಪುಸ್ತಕ, ಚೂಪು ಮಾಡಿದ ಎರಡು ಪೆನ್ಸಿಲು ಹಿಡಿದು ಹೋಗುವುದು. ಸಾಹೇಬರು ಫ್ಯಾನು ನೋಡುತ್ತ ಹೇಳುವುದು, ನಾನು ತಲೆ ತಗ್ಗಿಸಿ ಗೀಚುವುದು. ನಿವೃತ್ತನಾದ ಮೇಲೆ ನನ್ನದೇ ಎರಡು ಮಾತು ಬರೆಯೋಣ ಅಂತ ಹೊರಟಾಗ ಬಲಭುಜ ಹಿಡಿದುಕೊಂಡಿತು. ಡಾಕ್ಟರು ಫ್ರೋಜನ್ ಶೋಲ್ಡರ್ ಅಂದರು, ಅವ್ವ ವಾಯು ಅಂದಳು. ಎರಡಕ್ಕೂ ಔಷಧಿ ನಡೆಯಿತು. ಕಂಪ್ಯೂಟರಿನ ಕೀಬೋರ್ಡ್ ಮಾತ್ರ ಮೂರು ತಿಂಗಳು ಮುಟ್ಟಬಾರದು ಅಂತಾಯಿತು.

ಯುಗಾದಿಗೆ ಬೆಂಗಳೂರಿಂದ ಬಂದ ಮಗ, ಹಾಲಿನ ಮೂಲೆಯಲ್ಲಿ ಹಳೇ ಸೀರೆಯ ತುಂಡು ಹೊದ್ದು ಕೂತಿದ್ದ ಕಂಪ್ಯೂಟರಿಗೆ ಒಂದು ಮೈಕು ಸಿಕ್ಕಿಸಿದ. "ಅಪ್ಪ, ಇನ್ಮೇಲೆ ನೀನು ಹೇಳ್ತಾ ಹೋಗು, ಅದು ಬರ್ಕೊಳ್ಳುತ್ತೆ. ನೀನೀಗ ಸಾಹೇಬ" ಅಂದ. ಮೂವತ್ತೊಂದು ವರ್ಷದಲ್ಲಿ ಬಾರದ ಪ್ರಮೋಷನ್ನು ಹಬ್ಬದ ದಿನ ಮನೆಗೇ ಬಂತು.

ಈ ಹೊಸ ಸ್ಟೆನೋ ಕೆಲಸ ಮಾಡುವುದು ಹೇಗೆ ಅಂತ ಕೇಳಿದೆ. ದನಿಯನ್ನು ಚೂರು ಚೂರು ಮಾಡುತ್ತದಂತೆ, ಪ್ರತಿ ಚೂರೂ ಯಾವ ಉಚ್ಚಾರಕ್ಕೆ ಹತ್ತಿರ ಅಂತ ಅಳೆಯುತ್ತದಂತೆ, ಆಮೇಲೆ ಈ ಪದದ ಪಕ್ಕ ಸಾಮಾನ್ಯವಾಗಿ ಯಾವ ಪದ ಬರುತ್ತದೆ ಅಂತ ಲೆಕ್ಕ ಹಾಕಿ ಬರೆಯುತ್ತದಂತೆ. ಕೇಳಿ ನನಗೆ ನಗು ಬಂತು. ಇದು ನಮ್ಮ ಕಸುಬೇ! ನಾನು ಶಾರ್ಟ್‌ಹ್ಯಾಂಡ್ ಕಲಿತದ್ದು ಬೆಳಗಿನ ರೈಲಿಗೆ ಮೈಸೂರಿಗೆ ಹೋಗಿ, ಒಂದು ಓಣಿಯ ಮಹಡಿಯ ಮೇಲೆ. ಪಿಟ್‌ಮನ್ ಅನ್ನುವ ಇಂಗ್ಲೆಂಡಿನವನು 1837ರಲ್ಲಿ ಅಚ್ಚು ಹಾಕಿಸಿದ ಪದ್ಧತಿ ಅದು. 'ಪ'ಕಾರಕ್ಕೆ ತೆಳ್ಳನೆ ಗೆರೆ, ಅದೇ ಗೆರೆಯನ್ನು ದಪ್ಪಗೆ ಎಳೆದರೆ 'ಬ'ಕಾರ. ಸ್ವರಗಳಿಗೆ ಚುಕ್ಕೆ, ಸಣ್ಣ ಗೀಟು. ಕೈಗೆ ವೇಗ ಬಂದ ಮೇಲೆ ಅವನ್ನೂ ಹಾಕುವುದಿಲ್ಲ. ಅದನ್ನೇ ಕನ್ನಡಕ್ಕೂ ಒಗ್ಗಿಸಿಕೊಂಡಿದ್ದೆ. ಪುಸ್ತಕದಲ್ಲಿ ಪ-ತ-ರ ಅಂತ ಮೂರು ಎಲುಬು ಇರುತ್ತಿತ್ತು ಅಷ್ಟೆ. ಟೈಪಿಗೆ ಕೂತಾಗ ಅದು ಪತ್ರವೋ ಪಾತ್ರೆಯೋ ಪುತ್ರನೋ ನಾನೇ ತೀರ್ಮಾನಿಸಬೇಕು. ಪಾತ್ರೆಗೆ ಉತ್ತರ ಬರೆಯುವ ಕಚೇರಿ ಇಲ್ಲವಾದ್ದರಿಂದ ಅದು ಪತ್ರ. ಇಷ್ಟೇ ವಿದ್ಯೆ. ಇದರ ಮೇಲೆ ಒಂದು ಸಂಸಾರ ಸಾಕಿದ್ದೇನೆ.

ಯಂತ್ರದ ಪೂರ್ವಿಕರ ವಿಚಾರವನ್ನೂ ಮಗ ಹೇಳಿದ. 1952ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನವರು ಆಡ್ರಿ ಅಂತ ಒಂದನ್ನು ಕಟ್ಟಿದರು. ಆಳೆತ್ತರದ ಕಬ್ಬಿಣದ ಬೀರುವಿನಷ್ಟು ದೊಡ್ಡದು, ಅದಕ್ಕೆ ಬರುತ್ತಿದ್ದದ್ದು ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿ ಮಾತ್ರ. ಅದೂ ಪಳಗಿಸಿದವನು ಹೇಳಿದರೇನೇ ಚೆನ್ನಾಗಿ ತಿಳಿಯುತ್ತಿತ್ತಂತೆ. ನಮ್ಮಪ್ಪನ ಎಡಗೋಲಿನ ಎತ್ತೂ ಹಾಗೇ ಇತ್ತು. ಅಪ್ಪ 'ಹೋ' ಅಂದರೆ ನಿಲ್ಲುತ್ತಿತ್ತು, ನಾನು ಅಂದರೆ ಓಡುತ್ತಿತ್ತು. ಹತ್ತು ವರ್ಷ ಕಳೆದು ಐಬಿಎಂನವರು ತೋರಿಸಿದ ಯಂತ್ರಕ್ಕೆ 16 ಪದ ತಿಳಿಯುತ್ತಿತ್ತು. ಅದನ್ನು ಕೇಳಿ ಬೆರಗಾಗಲಿಲ್ಲ. ನಮ್ಮ ಒಬ್ಬ ಸಾಹೇಬರು ಜವಾನನ ಹತ್ತಿರ ದಿನಕ್ಕೆ ಆಡುತ್ತಿದ್ದ ಪದಗಳೂ ಅಷ್ಟೆ, ಸರ್ವೀಸು ಸುಸೂತ್ರ ಮುಗಿಯಿತು. 1990ರ ಹೊತ್ತಿಗೆ ಮನೆಯ ಕಂಪ್ಯೂಟರಿಗೂ ಬಂತು, ಆದರೆ ಒಂದೊಂದು ಪದಕ್ಕೂ ನಡುವೆ ನಿಂತು ನಿಂತು ಹೇಳಬೇಕು. ಸರಾಗವಾಗಿ ಮಾತಾಡಿದರೆ ಬರೆದುಕೊಳ್ಳುವ ಡ್ರ್ಯಾಗನ್ ಬಂದದ್ದು 1997ರಲ್ಲಿ. ನಿಮಿಷಕ್ಕೆ 100 ಪದ ಅನ್ನುತ್ತಿದ್ದರು. ನನ್ನದೂ ಆಗ ಅದೇ ಸ್ಪೀಡು. ಎದುರಾಳಿ ಹುಟ್ಟಿದ್ದಾನೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಅವನಿಗೆ ಕನ್ನಡ ಬರುತ್ತಿರಲಿಲ್ಲ ಅನ್ನಿ. 2017ರ ಆಗಸ್ಟ್‌ನಲ್ಲಿ ಗೂಗಲ್ ತನ್ನ ದನಿಬರಹಕ್ಕೆ ಒಂದೇ ಸಲ 30 ಭಾಷೆ ಸೇರಿಸಿದಾಗ ಅದರಲ್ಲಿ ಕನ್ನಡವೂ ಇತ್ತು. ಈಗ ಇಂಥವು ಹಲವಾರು ಇವೆ. ನಮ್ಮನೆಯದು ಯಾರದು ಅಂತ ಹೇಳುವುದಿಲ್ಲ. ಪುಕ್ಕಟೆ ಕೆಲಸ ಮಾಡಿಸಿಕೊಂಡು ಹೆಸರು ಹಿಡಿದು ಬೈಯುವುದು ಸರಿಯಲ್ಲ.

ಬೈಯುವುದಂತೂ ಇದೆ.

ಮೊದಲ ದಿನ ಗಂಟಲು ಸರಿಮಾಡಿಕೊಂಡು, ನಮ್ಮೂರಿನ ವಿಚಾರ ಶುರುಮಾಡಿದೆ. "ಜೂನ್ ತಿಂಗಳಲ್ಲಿ ನಾಲೆಗೆ ನೀರು ಬಿಟ್ಟರು ಪೂರ್ಣವಿರಾಮ." ಪರದೆಯ ಮೇಲೆ ಬಂತು: 'ಜೂನ್ ತಿಂಗಳಲ್ಲಿ ನಾಳೆಗೆ ನೀರು ಬಿಟ್ಟರು ಪೂರ್ಣವಿರಾಮ'. ಚುಕ್ಕಿ ಇಡು ಅಂದರೆ ಚುಕ್ಕಿಯ ಹೆಸರು ಬರೆದು ಕೂತಿದೆ! ನಾಲಿಗೆ ಮಡಿಸದೆ, ಬಿಡಿಸಿ, ಒತ್ತಿ, ನಾಲ್ಕು ಸಲ 'ನಾಲೆ' ಅಂದೆ. ನಾಲ್ಕು ಸಲವೂ ನಾಳೆ. ಕನ್ನಂಬಾಡಿ ನೀರಿಗೆ ಕಾದು ಗೊತ್ತಿರುವ ಮಂಡ್ಯದವನಿಗೆ ಇದನ್ನು ಪೂರಾ ತಪ್ಪು ಅನ್ನಲೂ ಮನಸ್ಸು ಬರುವುದಿಲ್ಲ. ಮುಂದಕ್ಕೆ 'ಆಲೆಮನೆ' ಅಂದೆ, 'ಹಳೆ ಮನೆ' ಅಂತ ಬರೆಯಿತು. ನಮ್ಮೂರ ಆಲೆಮನೆಯ ಗೋಡೆ ಬಿದ್ದು ಯಾವ ಕಾಲವಾಯಿತು, ಅದೂ ಸುಳ್ಳಲ್ಲ. ಭುಜ ಒಂದು ಚೂರು ನೋಯುತ್ತಿದೆ ಅನ್ನುವುದಕ್ಕೆ 'ವಸಿ ನೋವು' ಅಂದರೆ 'ವಾಸಿ ನೋವು' ಅಂತ ಬಂತು. ಡಾಕ್ಟರ ಮಾತಿಗಿಂತ ಅದೇ ಧೈರ್ಯ ಕೊಟ್ಟಿತು.

ನಡುವೆ ಅಡಿಗೆಮನೆಯಿಂದ ಇವಳು "ಏನಂದ್ರೀ?" ಅಂದದ್ದೂ, "ನಿನಗಲ್ಲ ಕಣೆ" ಅಂತ ನಾನಂದದ್ದೂ ನಾಲೆಯ ನೀರಿನ ಕೆಳಗೆ ಸಾಲಾಗಿ ಬಂದು ಕೂತವು. ಯೋಚನೆಗೆ ಅರ್ಧ ನಿಮಿಷ ಸುಮ್ಮನಾದರೆ ಮೈಕು ತಾನೇ ಆರಿಹೋಗುತ್ತಿತ್ತು. ಸಾಹೇಬರು ಯೋಚಿಸುವಾಗ ನಾನು ಪೆನ್ಸಿಲು ಚೂಪು ಮಾಡಿಕೊಳ್ಳುತ್ತ ಕಾಯುತ್ತಿದ್ದೆ, ಎದ್ದು ಹೋಗುತ್ತಿರಲಿಲ್ಲ. ಮೂರನೆಯ ದಿನ ನನಗೇ ನಾಚಿಕೆಯಾಗುವ ಹಾಗೆ, "ನಾನು ಹಾಗೆ ಹೇಳೇ ಇಲ್ಲ!" ಅಂತ ಯಂತ್ರದ ಮೇಲೆ ಕೂಗಾಡಿದೆ. ಅದೇ ಮಾತು, ಅದೇ ದನಿ. ಎಷ್ಟು ಮಂದಿ ಸಾಹೇಬರು ನನಗೆ ಹಾಗಂದಿದ್ದರೋ! ಯಂತ್ರ ಬೇಸರವಿಲ್ಲದೆ ಬರೆದುಕೊಂಡಿತು: 'ನಾನು ಹಾಗೆ ಹೇಳೇ ಇಲ್ಲ'. ಅಷ್ಟು ಹೊತ್ತಿನಲ್ಲಿ ತಪ್ಪಿಲ್ಲದೆ ಬಂದ ವಾಕ್ಯ ಅದೊಂದೇ.

ಆಮೇಲೆ ತಮಾಷೆಗೆ ಒಂದು ಪರೀಕ್ಷೆ ಮಾಡಿದೆ. ಕುರ್ಚಿಗೆ ಒರಗಿ, ಫ್ಯಾನು ನೋಡುತ್ತ, "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಸದರಿ ಕಡತವನ್ನು ಪರಿಶೀಲಿಸಿ ಅಗತ್ಯ ಕ್ರಮ ಕೈಗೊಳ್ಳುವಂತೆ ಈ ಮೂಲಕ ಕೋರಲಾಗಿದೆ" ಅಂದೆ. ಒಂದು ಒತ್ತು ತಪ್ಪಿದ್ದರೆ ಕೇಳಿ! ಅವಗಾಹನೆಯ ಹ ಕೂಡ ನೆಟ್ಟಗೆ ನಿಂತಿತ್ತು. ಅವ್ವ ಮುದ್ದೆ ತೊಳಸಿದ್ದನ್ನು ಬರೆಯಲಾರದವನು ಸುತ್ತೋಲೆಯನ್ನು ನಿದ್ದೆಗಣ್ಣಲ್ಲೂ ಬರೆಯುತ್ತಾನೆ. ಇದು ತಿಂದಿರುವ ಮೇವು ಯಾವುದು ಅಂತ ಗೊತ್ತಾಯಿತು. ಪತ್ರಿಕೆ, ಪ್ರಕಟಣೆ, ವಾರ್ತೆ, ಆದೇಶ. ಯಾವ ಭಾಷೆಯಿಂದ ತಪ್ಪಿಸಿಕೊಳ್ಳಲು ನಿವೃತ್ತಿಯ ದಿನ ಎಣಿಸಿದ್ದೆನೋ, ಅದನ್ನೇ ಮನೆಯ ಹಾಲಿನಲ್ಲಿ ಕೂತು ಗಟ್ಟಿಯಾಗಿ ಆಡಬೇಕಾಯಿತು. ಆಡಿದೆ ಕೂಡ. 'ಆಲೆಮನೆ' ಬಿಟ್ಟು 'ಬೆಲ್ಲ ತಯಾರಿಕಾ ಘಟಕ' ಅಂದೆ. ತಕ್ಷಣ ಬಂತು. ಬಂದದ್ದನ್ನು ನೋಡಿ ಅಳಿಸಿದೆ. ಘಟಕದಲ್ಲಿ ಬೆಲ್ಲದ ವಾಸನೆ ಬರುವುದಿಲ್ಲ.

ನಿಜ ಹೇಳಬೇಕೆಂದರೆ ಯಂತ್ರ ಮಾಡುತ್ತಿರುವುದನ್ನು ನಾನೂ ಮಾಡಿದ್ದೇನೆ. ಹಳ್ಳಿಯವರು ಕಚೇರಿಗೆ ಬಂದು "ಸಾಮಿ, ಕೊನೆ ಗದ್ದೆಗೆ ನೀರೇ ಬರಾಕಿಲ್ಲ, ಮ್ಯಾಲ್ನೋರೇ ತಿರುಗಿಸ್ಕತಾರೆ" ಅಂದರೆ, ನನ್ನ ಕೈ ಬರೆಯುತ್ತಿದ್ದದ್ದು 'ಕೊನೆಯ ಭಾಗದ ಅಚ್ಚುಕಟ್ಟು ಪ್ರದೇಶಕ್ಕೆ ನೀರಿನ ಅಭಾವವಿದ್ದು'. ಮೇಲಿನೋರು ತಿರುಗಿಸಿಕೊಂಡದ್ದು ಎಲ್ಲೋ ಹೋಯಿತು. ಒಂದು ಸಲ ಅವ್ವನೇ ಊರವರ ಜತೆ ಬಂದಿದ್ದಳು. ಅವಳು ಹೇಳಿದ್ದನ್ನು ಅರ್ಜಿ ಮಾಡಿ, ಹೆಮ್ಮೆಯಿಂದ ಓದಿ ಹೇಳಿದೆ. ಪೂರಾ ಕೇಳಿಸಿಕೊಂಡು, "ಚೆಂದಾಗದೆ. ಇದ್ಯಾರ್ ಏಳಿದ್ದು?" ಅಂದಳು. ಆವತ್ತು ಎಲ್ಲರೂ ನಕ್ಕರು, ನಾನೂ ನಕ್ಕೆ.

ಮೈಸೂರಿನ ಮಾನಸಗಂಗೋತ್ರಿಯ ಪಕ್ಕದಲ್ಲಿ 1969ರಿಂದ ಭಾರತೀಯ ಭಾಷಾ ಸಂಸ್ಥಾನ ಇದೆ. ಜನರ ಮಾತನ್ನು ಧ್ವನಿಮುದ್ರಿಸಿ, ಯಂತ್ರಗಳಿಗೆ ಕಲಿಸಲು ಅನುಕೂಲವಾಗುವಂತೆ ಕೂಡಿಡುವ ಕೆಲಸ ಅಲ್ಲಿ ನಡೆದಿದೆ, ಕನ್ನಡದ್ದೂ ಸೇರಿ. ಅಲ್ಲಿಂದ ಯಾರಾದರೂ ಒಂದು ದಿನ ನಮ್ಮನೆಗೆ ಬರಲಿ ಅಂತ ಆಸೆ. ಅವ್ವನಿಗೆ ಎಂಬತ್ತಾರು. ಮಾತಿಗೇನೂ ಬರವಿಲ್ಲ, ಒಂದು ಎಲೆಯಡಿಕೆ ಕೊಟ್ಟರೆ ಸಾಕು.

ಮೊನ್ನೆ ಅವಳು ಅವರೆಕಾಯಿ ಸುಲಿಯುತ್ತ ನನ್ನ ಕೂಗಾಟ ನೋಡುತ್ತಿದ್ದಳು. ಮೊರ ಪಕ್ಕಕ್ಕಿಟ್ಟು ಎದ್ದು ಬಂದಳು.

"ಅದ್ಕೆ ಕಿವಿ ಎಲ್ಲದ್ಲಾ?"

ಮೈಕು ತೋರಿಸಿದೆ. ಬಗ್ಗಿ, ದೂರದ ಗದ್ದೆಯಲ್ಲಿರುವವರನ್ನು ಕೂಗುವ ಹಾಗೆ, "ನಾಲೆಗೆ ನೀರ್ ಬುಟ್ಟವ್ರಾ? ಬೇಗ ಬುಡಕ್ಕೇಳಿ. ಒಟ್ಲು ಒಣಗೋಯ್ತದೆ" ಅಂದಳು. ಒಟ್ಲು ಅಂದರೆ ಭತ್ತದ ಸಸಿಮಡಿ. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು, "ಏನ್ ಬರ್ಕತ್ತು, ಓದು" ಅಂದಳು.

ಪರದೆಯ ಮೇಲೆ ಹೀಗಿತ್ತು: 'ನಾಳೆಗೆ ನೀರು ಪುಟ್ಟ ಅವರ ಬೇಗ ಬುಡಕ್ಕೆ ಹೇಳಿ ಹೋಟೆಲ್ ಒಣಗುತ್ತದೆ'.

ಸ್ಟೆನೋ ಆದವನಿಗೆ ಬರೆದುಕೊಂಡದ್ದನ್ನು ಓದಿ ಹೇಳುವುದು ಹೊಸದಲ್ಲ. ಕನ್ನಡಕ ಏರಿಸಿಕೊಂಡು, ಪರದೆಯ ಕಡೆಗೇ ಮುಖ ಮಾಡಿ, ಒಂದೊಂದೇ ಪದ ಬಿಡಿಸಿ ಓದಿದೆ: "ನಾಲೆಗೆ ನೀರ್ ಬುಟ್ಟವ್ರಾ? ಬೇಗ ಬುಡಕ್ಕೇಳಿ. ಒಟ್ಲು ಒಣಗೋಯ್ತದೆ."

ಅವ್ವ ತಲೆಯಾಡಿಸಿದಳು. "ಹ್ಞೂಂ, ಇದ್ ನಾನೇ ಏಳಿದ್ದು" ಅಂದಳು. ಮೊರದ ಹತ್ತಿರ ಕೂತು, ಇನ್ನೊಂದು ಕಾಯಿ ಸುಲಿದ ಮೇಲೆ, "ನಿನ್ಗಿಂತ ಇದೇ ವಾಸಿ ಕಣ್ಲಾ" ಅಂದಳು.