ಸ್ಪಷ್ಟನೆ: ಮೊಬೈಲ್‌ನಲ್ಲಿ ತಾಲ್ಮುಡ್ ಓದಬಾರದಾ?

ಯೆಹೂದಿಗಳು ತಾಲ್ಮುಡ್‌ನಂಥ (ಅವರ ಧರ್ಮನಿಯಮಗಳನ್ನು ಚರ್ಚಿಸುವ ಪ್ರಾಚೀನ ಗ್ರಂಥ) ಧರ್ಮಗ್ರಂಥವನ್ನು ಮೊಬೈಲ್‌ನಲ್ಲಿ ಓದುವಂತಿಲ್ಲ ಎಂಬ ಮಾತು ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಸಂಪ್ರದಾಯಸ್ಥರು ಫೋನ್ ಮುಟ್ಟದಿರುವುದು ವಾರದ ವಿಶ್ರಾಂತಿ ದಿನವಾದ ಸಬ್ಬತ್‌ನಲ್ಲಿ, ಅಂದರೆ ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿವರೆಗೆ. ಸಿನಗಾಗ್‌ನಲ್ಲಿ (ಯೆಹೂದಿ ಪ್ರಾರ್ಥನಾ ಮಂದಿರ) ಅವರ ಮೂಲ ಧರ್ಮಗ್ರಂಥವಾದ ತೋರಾದ ಪಠಣಕ್ಕೆ ಕೈಬರಹದ ಸುರುಳಿಯೇ ಬೇಕು. ಗೊಂದಲ ಹುಟ್ಟಿದ್ದು ಇಲ್ಲೇ ಇರಬೇಕು. ಇಂಟರ್ನೆಟ್ಟನ್ನೇ ದೂರವಿಡುವ ಕೆಲವು ಹರೇದಿ (ಕಟ್ಟಾ ಸಂಪ್ರದಾಯಸ್ಥ) ಗುಂಪುಗಳೂ ಇವೆ, ನಿಜ. ಆದರೆ ಎಲ್ಲರೂ ಹಾಗಲ್ಲ.

ಸೆಫಾರಿಯಾ ಎಂಬ ಲಾಭರಹಿತ ಸಂಸ್ಥೆ 2017ರಿಂದ ತಾಲ್ಮುಡ್‌ನ ಇಂಗ್ಲಿಷ್ ಅನುವಾದವನ್ನು ಉಚಿತವಾಗಿ ಕೊಡುತ್ತಿದೆ. ಒಂದು ಸಾಲು ಒತ್ತಿದರೆ ಸಾಕು, ಪಕ್ಕದಲ್ಲೇ ರಾಶಿಯ ವ್ಯಾಖ್ಯಾನ ತೆರೆದುಕೊಳ್ಳುತ್ತದೆ. (ರಾಶಿ ಅಂದರೆ 11ನೇ ಶತಮಾನದ ಫ್ರಾನ್ಸಿನ ಪಂಡಿತ, ನಮ್ಮ ಮೇಷ–ವೃಷಭ ಅಲ್ಲ!) 1923ರಲ್ಲಿ ಶುರುವಾದ, ದಿನಕ್ಕೆ ತಾಲ್ಮುಡ್‌ನ ಒಂದು ಹಾಳೆ ಓದುವ ದಫ್ ಯೋಮಿಯನ್ನೂ ಈಗ ಬಹಳ ಜನ ಫೋನ್‌ನಲ್ಲೇ ಓದುತ್ತಾರೆ. ಒಟ್ಟು 2,711 ಹಾಳೆ, ಸುಮಾರು ಏಳೂವರೆ ವರ್ಷ!