ಚಿಕ್ಕ ಇಂಜಿನ್‌ಗೆ ದೊಡ್ಡ ದುಡ್ಡು: ಓಟಕ್ಕೆ ಕೊಡೋದಾ, ಅಂದಕ್ಕೆ ಕೊಡೋದಾ?

ಮಾಡೆಲ್ ರೈಲಿನ ಹುಚ್ಚಿರೋರು ನಾಲ್ಕು ಜನ ಸೇರಿದ್ರೆ ಮಾತು ಕೊನೆಗೆ ಬಂದು ನಿಲ್ಲೋದು ಒಂದೇ ಕಡೆ, ಈ ಇಂಜಿನ್‌ಗೆ ಇಷ್ಟ್ಯಾಕೆ ರೇಟು, ಕೊಟ್ಟ ದುಡ್ಡಿಗೆ ತಕ್ಕಂಗೆ ಓಡುತ್ತಾ ಅನ್ನೋದು. ಹೊರನಾಡಲ್ಲಿ ಇರೋದ್ರಿಂದ ನನಗೆ ಈ ಹವ್ಯಾಸದಲ್ಲಿ ಸಿಕ್ಕಿರೋ ಜೊತೆಗಾರರು ಒಬ್ಬೊಬ್ರು ಒಂದೊಂದು ದೇಶದೋರು, ಅವ್ರು ಚಿಕ್ಕೋರಿದ್ದಾಗಿಂದ ಕೈಯಲ್ಲಿ ಹಿಡಿದಿರೋ ಇಂಜಿನ್‌ಗಳೂ ಬೇರೆ ಬೇರೆ ಕಂಪನಿದು, ಹಂಗಾಗಿ ಒಂದು ಇಂಜಿನ್ ಚೆನ್ನಾಗಿದೆ ಅಂತ ಅಳೆಯೋ ರೀತೀನೂ ಬೇರೆ. ಒಬ್ರು ಡಬ್ಬಿ ತೆಗೆದ ತಕ್ಷಣ ಭೂತಗನ್ನಡಿ ಹಿಡ್ಕೊಂಡು ಹಿಡಿಕಂಬಿ, ಹಾರನ್ನು, ನಂಬರ್ ಬೋರ್ಡು ಎಲ್ಲಾ ಅಸಲಿ ಇಂಜಿನ್‌ನಲ್ಲಿ ಇರೋ ಜಾಗದಲ್ಲೇ ಇದೆಯಾ ನೋಡ್ತಾರೆ. ಇನ್ನೊಬ್ರು ಮೈಮೇಲೆ ಏನಿದೆ ಅಂತ ನೋಡೋದೇ ಇಲ್ಲ, ಸೀದಾ ಹಳಿ ಮೇಲಿಟ್ಟು ಕಂಟ್ರೋಲರ್ ನಾಬ್ ಕೂದಲೆಳೆಯಷ್ಟು ತಿರುಗಿಸಿ ಯಾವಾಗ ಅಲ್ಲಾಡುತ್ತೆ ಅಂತ ಬಗ್ಗಿ ಕಾಯ್ತಾರೆ. ಮತ್ತೊಬ್ರಿಗೆ ಡಬ್ಬಿ ಒಳಗೆ ಬಿಡಿಭಾಗಗಳ ನಕ್ಷೆ ಇರೋ ಹಾಳೆ ಬೇಕೇ ಬೇಕು, ಗೇರು ಹೋದ್ರೆ ಗೇರು ಸಿಗುತ್ತಾ ಅನ್ನೋದು ಅವರ ಮೊದಲ ಪ್ರಶ್ನೆ.

ಇವರೆಲ್ಲರ ಜೊತೆ ಕೂತು ಓಡಿಸಿ ನೋಡಿ ನನ್ನ ಅಭಿಪ್ರಾಯ ಒಂದು ಕಡೆ ಗಟ್ಟಿಯಾಗಿದೆ. ಎನ್ ಸ್ಕೇಲ್ ಅಂತಾರಲ್ಲ, ಅಸಲಿ ಇಂಜಿನ್‌ನ 160ನೇ ಒಂದು ಭಾಗ, ಆ ಥರದ ಚಿಕ್ಕ ಅಳತೇಲಿ ದುಡ್ಡು ಮೊದಲು ಹೋಗಬೇಕಾದ್ದು ಮೋಟರು, ಗೇರು, ತೂಕ, ಹಳಿಯಿಂದ ಕರೆಂಟ್ ಎತ್ತೋ ಪಿಕಪ್ಪು ಇವಕ್ಕೆ. ಅಂದ, ಸೌಂಡು ಎಲ್ಲಾ ಆಮೇಲೆ. ಆದ್ರೆ ಇವತ್ತು ಅತಿ ದುಬಾರಿ ಇಂಜಿನ್‌ಗಳಲ್ಲಿ ನಾವು ಜಾಸ್ತಿ ಕೊಡ್ತಿರೋ ದುಡ್ಡು ಬಹಳ ಸಲ ಈ ನಾಲ್ಕಕ್ಕೆ ಹೋಗ್ತಿಲ್ಲ, ಅತಿ ಅಗ್ಗದ್ದರಲ್ಲಿ ಉಳಿಸೋ ದುಡ್ಡು ಮಾತ್ರ ಇವೇ ನಾಲ್ಕರಿಂದ ಕಡಿತ ಆಗ್ತಿದೆ.

ಚಿಕ್ಕ ಸ್ಕೇಲಲ್ಲಿ ಇದು ಯಾಕೆ ಇಷ್ಟು ಮುಖ್ಯ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಎಚ್ಒ ಅನ್ನೋ ಇದಕ್ಕಿಂತ ದೊಡ್ಡ ಅಳತೆ ಓಡಿಸೋ ಗೆಳೆಯರು ಅಗ್ಗದ ಇಂಜಿನ್ ತಗೊಂಡ್ರೂ ನಡೆಯುತ್ತೆ ಬಿಡಿ ಅಂತ ಹೇಳೋದು ಅವರ ಮಟ್ಟಿಗೆ ನಿಜ, ಎನ್ ಓಡಿಸೋ ನಮಗೆ ಅಲ್ಲ. ಎಚ್ಒ ಅಂದ್ರೆ 1:87, ಎನ್ ಅಂದ್ರೆ 1:160, ಉದ್ದದಲ್ಲಿ ವ್ಯತ್ಯಾಸ ಎರಡು ಪಟ್ಟಿಗಿಂತ ಕಮ್ಮಿ. ಆದ್ರೆ ತೂಕ ಉದ್ದ ಅಗಲ ಎತ್ತರ ಮೂರನ್ನೂ ಗುಣಿಸಿದಂಗೆ ಬದಲಾಗುತ್ತೆ, ಹಂಗಾಗಿ ಅದೇ ಇಂಜಿನ್ ಎನ್‌ಗೆ ಇಳಿದಾಗ ತೂಕ ಆರನೇ ಒಂದು ಭಾಗಕ್ಕೆ ಬಂದುಬಿಡುತ್ತೆ. ಎಂಟು ಚಕ್ರದ ಎನ್ ಡೀಸೆಲ್ ಇಂಜಿನ್ 90 ಗ್ರಾಂ ಇದೆ ಅಂದ್ಕೊಳ್ಳಿ, ಒಂದು ಚಕ್ರ ಹಳಿ ಮೇಲೆ ಒತ್ತೋದು 11 ಗ್ರಾಂ ಅಷ್ಟೇ. ಹಳಿ ಮೇಲಿನ ಧೂಳು ಮಾತ್ರ 1:160 ಆಗಲ್ಲ, ಅದು ಎಲ್ಲಾ ಸ್ಕೇಲಿಗೂ ಒಂದೇ ಸೈಜು. ಎಚ್ಒ ಇಂಜಿನ್ ತುಳಿದು ಹೋಗೋ ಕೊಳೆ ಮೇಲೆ ನಮ್ಮದು ನಿಂತು ಮಿಣುಕು ಹಾಕುತ್ತೆ.

ಇನ್ನು ಫ್ಲೈವೀಲ್. ಮೋಟರ್ ಶಾಫ್ಟಿಗೆ ಹಾಕಿರೋ ಆ ಹಿತ್ತಾಳೆ ಚಕ್ರ ಇರೋದೇ ಒಂದು ಕ್ಷಣ ಕರೆಂಟ್ ತಪ್ಪಿದ್ರೂ ಮೋಟರ್ ತಿರುಗ್ತಾ ಇರ್ಲಿ ಅಂತ. ಅದರ ತಿರುಗೋ ಜಡತ್ವ ಅಳತೆಯ ಐದನೇ ಘಾತದಲ್ಲಿ ಇಳಿಯುತ್ತೆ, ಅಂದ್ರೆ ಎಚ್ಒ ಫ್ಲೈವೀಲನ್ನ ಹಂಗೇ ಎನ್‌ಗೆ ಇಳಿಸಿದ್ರೆ ಅದೇ ಸ್ಪೀಡಲ್ಲಿ ಅದು ಹಿಡಿದಿಟ್ಟುಕೊಳ್ಳೋ ಶಕ್ತಿ ಇಪ್ಪತ್ತರಲ್ಲಿ ಒಂದು ಭಾಗ ಮಾತ್ರ. ಹಿಂಗಾಗಿ ದೊಡ್ಡ ಸ್ಕೇಲಲ್ಲಿ ಫ್ಲೈವೀಲ್ ಮುಚ್ಚಿ ಹಾಕೋ ಪಿಕಪ್ ತಪ್ಪುಗಳು ಇಲ್ಲಿ ಬಯಲಾಗ್ತವೆ. ಎಲ್ಲಾ ಚಕ್ರದಿಂದಲೂ ಕರೆಂಟ್ ಎತ್ತಬೇಕು, ಚಾಸಿ ಗಟ್ಟಿ ಲೋಹದ್ದಿರಬೇಕು, ಆಕ್ಸಲ್ ತುದಿ ಕೂರೋ ತಗಡಿನ ಪುಟ್ಟ ಬಟ್ಟಲು ಸರಿಯಾಗಿ ಕೂತಿರಬೇಕು. ಇದು ಯಾವುದೂ ಫೋಟೋದಲ್ಲಿ ಕಾಣಲ್ಲ, ಡಬ್ಬಿ ಮೇಲೆ ಬರೆದಿರಲ್ಲ, ಆದ್ರೆ ಇಂಜಿನ್ ಓಡುತ್ತೋ ಇಲ್ವೋ ಅನ್ನೋದನ್ನ ತೀರ್ಮಾನ ಮಾಡೋದು ಇವೇ.

ಈಗ ಬೇರೆ ಬೇರೆ ದೇಶದೋರ ದಾರಿ ವಿಷಯಕ್ಕೆ ಬರ್ತೀನಿ. ಎನ್ ಸ್ಕೇಲ್ ಮಾರ್ಕೆಟಿಗೆ ಬಂದಿದ್ದು 1962ರಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನ ಆರ್ನಾಲ್ಡ್ ಕಂಪನಿಯಿಂದ, ಎರಡು ಹಳಿ ಮಧ್ಯೆ 9 ಮಿಲಿಮೀಟರ್ ಅಂತರ, ಗಾಡಿಗಳನ್ನ ಒಂದಕ್ಕೊಂದು ಜೋಡಿಸೋ ಆ ಕಂಪನಿಯ ಕೊಂಡಿ, ಅಂದ್ರೆ ಕಪ್ಲರ್ರೇ ಆಮೇಲೆ ಎಲ್ಲಾ ಕಡೆ ಸ್ಟ್ಯಾಂಡರ್ಡ್ ಆಯ್ತು. ಜಪಾನಲ್ಲಿ ಕ್ಯಾಟೋ 1965ರಲ್ಲಿ ಸಿ50 ಅನ್ನೋ ಸ್ಟೀಮ್ ಇಂಜಿನ್ ಜೊತೆ ಶುರು ಮಾಡ್ತು. ಆಮೇಲೆ 1980ರ ದಶಕದಲ್ಲಿ ಅಮೆರಿಕದ ಅಟ್ಲಾಸ್ ತನ್ನ ಇಂಜಿನ್‌ಗಳನ್ನ ಕ್ಯಾಟೋ ಕೈಲಿ ಮಾಡಿಸ್ತು, ಅದುವರೆಗೂ ಕುಯ್ಯೋ ಅಂತ ಕಿರುಚ್ಕೊಂಡು ಒಂದೇ ಸಲ ಜಿಗಿದು ಓಡೋ ಇಂಜಿನ್‌ಗಳಿಗೆ ಒಗ್ಗಿದ್ದ ಅಲ್ಲಿನ ಜನಕ್ಕೆ ಚಿಕ್ಕ ಇಂಜಿನ್ ಇಷ್ಟು ಸದ್ದಿಲ್ಲದೆ ನಿಧಾನಕ್ಕೂ ಓಡಬಹುದು ಅಂತ ಗೊತ್ತಾಯ್ತು. ಹಳೇ ಹವ್ಯಾಸಿಗಳು ಆ ಕಾಲದ ಅಟ್ಲಾಸ್ ಕ್ಯಾಟೋ ಇಂಜಿನ್ ಬಗ್ಗೆ ಇವತ್ತಿಗೂ ಪ್ರೀತಿಯಿಂದ ಮಾತಾಡ್ತಾರೆ, ಮಾತಾಡಬೇಕಾದ್ದೇ.

ಜಪಾನಿನ ದಾರಿ ನನಗೆ ಬಹಳ ಇಷ್ಟ. ಅಲ್ಲಿ ಒಂದೇ ಮಾಡೆಲನ್ನ ಮತ್ತೆ ಮತ್ತೆ ದೊಡ್ಡ ಸಂಖ್ಯೇಲಿ ಮಾಡ್ತಾರೆ, ಮೆಕ್ಯಾನಿಸಂ ಒಂದು ಸಲ ಪಕ್ಕಾ ಮಾಡಿಕೊಂಡ್ರೆ ಅದನ್ನೇ ಹತ್ತಾರು ಬಾಡಿ ಕೆಳಗೆ ಬಳಸ್ತಾರೆ, ಪ್ಯಾಸೆಂಜರ್ ಟ್ರೈನ್ ಸೆಟ್ ಆದ್ರೆ ಮೋಟರ್ ಇರೋದು ಒಂದು ಬೋಗೀಲಿ, ಉಳಿದಿದ್ದೆಲ್ಲಾ ಹಗುರ, ಬೇಸಿಕ್ ಸೆಟ್ ತಗೊಂಡು ಆಮೇಲೆ ಆಡ್-ಆನ್ ಸೆಟ್ ಸೇರಿಸ್ಕೊಬೋದು. ಕೆಲವು ಚಿಕ್ಕ ಪುಟ್ಟ ಭಾಗ, ನಂಬರ್ ಪ್ಲೇಟು, ಹಾರ್ನು ಇಂಥವನ್ನ ಡಬ್ಬೀಲಿ ಬಿಡಿಯಾಗಿ ಕೊಡ್ತಾರೆ, ನೀವೇ ಹಾಕ್ಕೊಳ್ಳಿ ಅಂತ. ಕೆಲವರಿಗೆ ಇದು ಕಿರಿಕಿರಿ, ನನ್ನ ಪ್ರಕಾರ ಇದು ಪ್ರಾಮಾಣಿಕ ವ್ಯವಹಾರ. ಕೈಲಿ ಕೂರಿಸೋ ಕೂಲಿ ಉಳೀತು, ಆ ದುಡ್ಡು ಮೋಟರಿಗೆ ಹೋಯ್ತು. ಒಂದೊಂದು ಇಂಜಿನ್‌ನ ಬೇರೆ ಬೇರೆಯಾಗಿ ಓಡಿಸೋ ಡಿಜಿಟಲ್ ವ್ಯವಸ್ಥೆ ಡಿಸಿಸಿನೂ ಹಂಗೇ, ಬೇಕಾದೋರು ಹಾಕ್ಕೊಳ್ಳಿ, ಬೇಡದೋರು ಅದರ ದುಡ್ಡು ಕೊಡೋದ್ಯಾಕೆ.

ಅಮೆರಿಕದ ದಾರಿ ಬೇರೆ. ಅಲ್ಲಿ ಒಂದೊಂದು ರೈಲ್ವೆ ಕಂಪನಿ, ಒಂದೊಂದು ಇಸವಿ, ಒಂದೊಂದು ನಂಬರಿನ ಇಂಜಿನ್‌ಗೂ ಅದರದೇ ಹಾರ್ನು ಅದರದೇ ದೀಪ ಬೇಕು. ಸ್ಕೇಲ್‌ಟ್ರೇನ್ಸ್ ಅನ್ನೋ ಕಂಪನಿ ತನ್ನ ಒಂದು ಸಾಲಿಗೆ ರಿವೆಟ್ ಕೌಂಟರ್ ಅಂತಾನೇ ಹೆಸರಿಟ್ಟಿದೆ, ಅಂದ್ರೆ ರಿವೆಟ್ ಎಣಿಸೋರಿಗೆ. ಆ ಕೆಲಸ ನೋಡಿದ್ರೆ ಕಣ್ಣು ತುಂಬುತ್ತೆ, ಸುಳ್ಳಲ್ಲ. ಆದ್ರೆ ಪ್ರತಿ ನಂಬರಿಗೂ ಬೇರೆ ಭಾಗ ಅಂದ್ರೆ ಬೇರೆ ಅಚ್ಚು, ಕೈಯಿಂದ ಜೋಡಿಸೋ ಸಮಯ, ಕಮ್ಮಿ ಸಂಖ್ಯೆಯ ತಯಾರಿ, ಮೊದಲೇ ಬುಕ್ ಮಾಡಿ ತಿಂಗಳುಗಟ್ಟಲೆ ಕಾಯೋದು. ರೇಟ್ ಏರೋದು ಅಲ್ಲಿಂದ. ಒಳಗಿರೋ ಮೋಟರು ಮಧ್ಯಮ ರೇಟಿನ ಇಂಜಿನ್‌ಗಿಂತ ಅಷ್ಟು ಪಟ್ಟು ಚೆನ್ನಾಗಿರುತ್ತಾ ಅಂದ್ರೆ ಇಲ್ಲ, ಎಷ್ಟೋ ಸಲ ಸರಿಸಮ. ಮೂರಡಿ ದೂರದಿಂದ ನೋಡೋ, ಹಳಿ ಹಾಸಿರೋ ಲೇಔಟಲ್ಲಿ ಕೂದಲಿನಷ್ಟು ತೆಳು ಹಿಡಿಕಂಬಿ ಕಾಣೋದೂ ಇಲ್ಲ, ಕೈಲಿ ಎತ್ತಿದಾಗ ಮುರಿಯೋದಂತೂ ಅದೇ ಮೊದಲು. ಶೋಕೇಸಲ್ಲಿ ಇಟ್ಟು ನೋಡೋ ಆಸೆ ಇರೋರಿಗೆ ಅದು ಸರಿಯಾದ ಖರ್ಚೇ, ದಿನಾ ಓಡಿಸೋರಿಗೆ ಅಲ್ಲ.

ಜರ್ಮನ್ ದಾರಿ ಇವೆರಡರ ಮಧ್ಯದಲ್ಲೂ ಇಲ್ಲ, ಅದೇ ಒಂಥರಾ. ರೇಟ್ ಜಾಸ್ತಿ, ಆದ್ರೆ ಬಿಡಿಭಾಗದ ಪಟ್ಟಿ ಇರುತ್ತೆ, ನಂಬರ್ ಹಾಕಿ ತರಿಸ್ಕೊಬೋದು, ಡಿಸಿಸಿ ಆಜ್ಞೆ ಓದಿ ಮೋಟರ್ ನಡೆಸೋ ಪುಟ್ಟ ಚಿಪ್ಪು, ಅಂದ್ರೆ ಡಿಕೋಡರ್ ಹಾಕೋಕೆ ನೆಕ್ಸ್ಟ್18 ಥರ ಸ್ಟ್ಯಾಂಡರ್ಡ್ ಸಾಕೆಟ್ ಇರುತ್ತೆ, ಆ ಸಾಕೆಟ್ಟಿಗೆ ಮಾಡಿರೋ ಡಿಕೋಡರ್ ಯಾವ ಕಂಪನಿದಾದ್ರೂ ಕೂರುತ್ತೆ. ಬಹಳ ವರ್ಷ ಇಟ್ಕೊಂಡು ಓಡಿಸೋರ ಲೆಕ್ಕದಲ್ಲಿ ಅದು ಅಷ್ಟೇನೂ ದುಬಾರಿ ಅಲ್ಲ. ಬ್ರಿಟಿಷರದ್ದು ಸ್ಕೇಲೇ ಬೇರೆ, ಅದೇ 9 ಮಿಲಿಮೀಟರ್ ಹಳಿ ಮೇಲೆ 1:148, ಬಾಡಿ ಸ್ವಲ್ಪ ದೊಡ್ಡದು, ಹಂಗಾಗಿ ತೂಕ ತುಂಬೋಕೆ ಸ್ವಲ್ಪ ಜಾಗ ಜಾಸ್ತಿ ಸಿಗುತ್ತೆ, ಆದ್ರೆ ಅವರಿಗೆ ಪ್ರೀತಿ ಇರೋದು ನೀರನ್ನ ತನ್ನ ಮೈಮೇಲೇ ಹೊರೋ ಪುಟ್ಟ ಪುಟ್ಟ ಟ್ಯಾಂಕ್ ಇಂಜಿನ್ ಮೇಲೆ, ಅಲ್ಲಿ ಸಿಕ್ಕ ಲಾಭ ಅಲ್ಲೇ ಹೋಯ್ತು.

ಎಳೆಯೋ ಶಕ್ತಿ ಬಗ್ಗೆ ಒಂದು ಲೆಕ್ಕ ಹಾಕಿ ತೋರಿಸ್ತೀನಿ, ಯಾಕಂದ್ರೆ ರೇಟ್ ನೋಡೋ ಜನ ತೂಕ ನೋಡಲ್ಲ. ರಬ್ಬರ್ ಇಲ್ಲದ ಲೋಹದ ಚಕ್ರದ ಇಂಜಿನ್ ತನ್ನ ತೂಕದ ಸುಮಾರು ಐದನೇ ಒಂದು ಭಾಗದಷ್ಟು ಬಲದಿಂದ ಎಳೆಯುತ್ತೆ. 90 ಗ್ರಾಂ ಇಂಜಿನ್ ಅಂದ್ರೆ 18 ಗ್ರಾಂ. 25 ಗ್ರಾಂ ತೂಕದ ಇಪ್ಪತ್ತು ವ್ಯಾಗನ್ ಹಿಂದೆ ಹಾಕಿ, ಒಟ್ಟು ಅರ್ಧ ಕೆಜಿ. ನೂರಕ್ಕೆ ಎರಡರ ಏರು ಇದ್ರೆ ವ್ಯಾಗನ್ ಎತ್ತೋಕೇ 10 ಗ್ರಾಂ ಬೇಕು, ಇಂಜಿನ್ ತನ್ನನ್ನ ತಾನು ಎತ್ತಿಕೊಳ್ಳೋಕೆ ಇನ್ನೆರಡು, ಉಳಿಯೋದು ಆರು ಗ್ರಾಂ, ಅದರಲ್ಲಿ ಚಕ್ರದ ಘರ್ಷಣೆ, ತಿರುವು ಎಲ್ಲಾ ನಿಭಾಯಿಸಬೇಕು, ವ್ಯಾಗನ್ ಚಕ್ರ ಚೆನ್ನಾಗಿ ಉರುಳೋ ಹಂಗಿದ್ರೆ ನಿಭಾಯಿಸುತ್ತೆ. ಅದೇ ಇಂಜಿನ್ 60 ಗ್ರಾಂ ಆಗಿದ್ರೆ? ಎಳೆತ 12, ಏರಿಗೇ 11ಕ್ಕಿಂತ ಜಾಸ್ತಿ ಹೋಯ್ತು, ಗಾಡಿ ನಿಂತಲ್ಲೇ ಚಕ್ರ ತಿರುಗಿಸ್ತಾ ಇರುತ್ತೆ. ಎರಡೂ ಇಂಜಿನ್ ಒಂದೇ ರೇಟ್ ಇರಬಹುದು, ಹಗುರದ್ದೇ ದುಬಾರಿ ಕೂಡ ಇರಬಹುದು. ಇದಕ್ಕೆ ಪರಿಹಾರ ಅಂತ ಚಕ್ರಕ್ಕೆ ರಬ್ಬರ್ ರಿಂಗ್ ಹಾಕ್ತಾರೆ, ಎಳೆತ ಚೆನ್ನಾಗೇ ಏರುತ್ತೆ, ಆದ್ರೆ ರಬ್ಬರ್ ಇರೋ ಚಕ್ರ ಕರೆಂಟ್ ಎತ್ತಲ್ಲ. ಉದ್ದದ ಇಂಜಿನ್‌ಗೆ ಒಂದು ಆಕ್ಸಲಲ್ಲಿ ರಬ್ಬರ್ ಇದ್ರೆ ಅಷ್ಟೇನೂ ನಷ್ಟ ಇಲ್ಲ, ಆರೇ ಚಕ್ರದ ಪುಟ್ಟ ಇಂಜಿನ್‌ಗೆ ಎರಡು ಚಕ್ರ ರಬ್ಬರ್ ಅಂದ್ರೆ ಪಿಕಪ್ಪಲ್ಲಿ ಮೂರನೇ ಒಂದು ಭಾಗ ಕಳ್ಕೊಂಡಂಗೆ, ಆ ವ್ಯಾಪಾರ ನಾನು ಒಪ್ಪಲ್ಲ.

ಸೌಂಡ್ ವಿಷಯದಲ್ಲಿ ನನ್ನ ಮಾತು ಕೆಲವರಿಗೆ ಹಿಡಿಸಲ್ಲ. ಎನ್ ಸ್ಕೇಲ್ ಬಾಡಿ ಒಳಗೆ ಹಿಡಿಸೋ ಸ್ಪೀಕರ್ ಉಗುರಿನಷ್ಟು, ದೊಡ್ಡ ಡೀಸೆಲ್ಲಿನ ಆ ಎದೆ ನಡುಗಿಸೋ ತಳದ ಸ್ವರ ಅದರಿಂದ ಬರೋಕೆ ಸಾಧ್ಯನೇ ಇಲ್ಲ, ಗಾಳಿ ತಳ್ಳೋಕೆ ಅಗಲ ಬೇಕು. ಅದಕ್ಕಿಂತ ಮುಖ್ಯ, ಆ ಸ್ಪೀಕರಿಗೆ, ಡಿಕೋಡರಿಗೆ ಜಾಗ ಮಾಡೋಕೆ ಲೋಹದ ಚಾಸಿಯನ್ನೇ ಕೊರೀತಾರೆ. ಜಾಸ್ತಿ ದುಡ್ಡು ಕೊಟ್ಟು ತೂಕ ಕಮ್ಮಿ ಇರೋ, ಅಂದ್ರೆ ಕಮ್ಮಿ ಎಳೆಯೋ ಇಂಜಿನ್ ತಗೊಂಡಂಗಾಯ್ತು. ಸೌಂಡ್ ಇಲ್ಲದ ಒಳ್ಳೇ ಡಿಕೋಡರ್ ಮಾತ್ರ ಖಂಡಿತ ಹಾಕಿ. ಬ್ಯಾಕ್ ಇಎಂಎಫ್ ಇರೋ ಡಿಕೋಡರ್ ಮೋಟರ್ ಎಷ್ಟು ತಿರುಗ್ತಿದೆ ಅಂತ ತಾನೇ ನೋಡ್ಕೊಂಡು ಏರಲ್ಲಿ ಜಾಸ್ತಿ ಇಳಿಜಾರಲ್ಲಿ ಕಮ್ಮಿ ಕರೆಂಟ್ ಕೊಡುತ್ತೆ, ಸಿವಿ ಅಂತ ಕರೆಯೋ ಡಿಕೋಡರ್ ಸೆಟ್ಟಿಂಗುಗಳಲ್ಲಿ 2, 3, 4, 5 ಇವಿಷ್ಟು ತಾಳ್ಮೆಯಿಂದ ಸೆಟ್ ಮಾಡಿದ್ರೆ ಸಾಧಾರಣ ಮೆಕ್ಯಾನಿಸಂ ಕೂಡ ಬಹಳ ಮರ್ಯಾದೆಯಿಂದ ಓಡುತ್ತೆ. ಆದ್ರೆ ಪಿಕಪ್ ಕೆಟ್ಟಿರೋ ಇಂಜಿನ್‌ಗೆ ಯಾವ ಡಿಕೋಡರ್ ಹಾಕಿದ್ರೂ ಅಷ್ಟೇ, ಹಳಿಯಿಂದ ಬರದ ಕರೆಂಟನ್ನ ಅದು ಎಲ್ಲಿಂದ ತರುತ್ತೆ.

ಮೋಟರಲ್ಲಿ ಕೋರ್‌ಲೆಸ್ ಬಂದಿರೋದು ನಿಜಕ್ಕೂ ದುಡ್ಡಿಗೆ ತಕ್ಕ ಸುಧಾರಣೆ. ಮೋಟರಲ್ಲಿ ತಂತಿ ಸುತ್ತಿರೋ ತಿರುಗೋ ಭಾಗ, ಅಂದ್ರೆ ಆರ್ಮೇಚರಲ್ಲಿ ಕಬ್ಬಿಣ ಇಲ್ಲ, ಹಂಗಾಗಿ ಮ್ಯಾಗ್ನೆಟ್ ಹಿಡ್ಕೊಂಡು ಕಟಕಟ ಅಂತ ಜಿಗಿಯೋದಿಲ್ಲ, ತೆವಳೋ ಸ್ಪೀಡಲ್ಲೂ ಎಣ್ಣೆ ಹರಿದಂಗೆ ಹೋಗುತ್ತೆ. ಕರೆಂಟನ್ನ ಬಿಟ್ಟು ಬಿಟ್ಟು ಕೊಡೋ ಹಳೇ ಥರದ ಪಲ್ಸ್ ಕಂಟ್ರೋಲರಲ್ಲಿ ಓಡಿಸಿದ್ರೆ ಬಿಸಿಯಾಗುತ್ತೆ, ಅದೊಂದು ಹುಷಾರು. ಕೋರ್‌ಲೆಸ್ ಸಿಗದೇ ಇದ್ರೆ ಐದು ಪೋಲಿನ, ಅಂದ್ರೆ ತಂತಿ ಸುತ್ತೋ ಐದು ತೋಳಿನ, ಓರೆ ಕೊರೆದ ಆರ್ಮೇಚರ್ ಸಾಕು, ಮೂರು ಪೋಲಿಂದು ಹೊಸ ಇಂಜಿನ್‌ನಲ್ಲಿ ಇನ್ನೂ ಕೊಡ್ತಿದ್ರೆ ರೇಟ್ ಎಷ್ಟೇ ಕಮ್ಮಿ ಇರ್ಲಿ ಬಿಟ್ಬಿಡಿ.

ತಗೊಳ್ಳೋ ಮುಂಚೆ ಓಡಿಸಿ ನೋಡೋ ಅವಕಾಶ ಸಿಕ್ಕಿದ್ರೆ ಒಂದು ಮೀಟರ್ ಹಳಿ ಸಾಕು. 1:160ರಲ್ಲಿ ಒಂದು ಮೀಟರ್ ಅಂದ್ರೆ ಅಸಲಿ 160 ಮೀಟರ್, ಗಂಟೆಗೆ 60 ಕಿಲೋಮೀಟರ್ ಸ್ಪೀಡಲ್ಲಿ ಅದನ್ನ ದಾಟೋಕೆ ಒಂಬತ್ತೂವರೆ ಸೆಕೆಂಡ್ ಬೇಕು, ಶಂಟಿಂಗ್ ಮಾಡೋ 5 ಕಿಲೋಮೀಟರ್ ಸ್ಪೀಡಿಗೆ ಎರಡು ನಿಮಿಷಕ್ಕೆ ಸ್ವಲ್ಪ ಕಮ್ಮಿ. ಎರಡು ನಿಮಿಷ ಹತ್ರ ಹತ್ರ ತಗೊಂಡು ಎಲ್ಲೂ ನಿಲ್ಲದೆ ದಾಟಿತಾ, ಆ ಇಂಜಿನ್ ಬಾಡಿ ಮೇಲೆ ಬಣ್ಣ ಸ್ವಲ್ಪ ಅತ್ತಿತ್ತ ಇದ್ರೂ ನಾನು ಅದನ್ನೇ ತಗೊಳ್ತೀನಿ.

ಸೆಕೆಂಡ್ ಹ್ಯಾಂಡ್ ಕೂಡ ಒಳ್ಳೇ ದಾರಿ, ಅದರಲ್ಲೂ ಎರಕ ಹೊಯ್ದ ಲೋಹದ ಎರಡು ಹೋಳಿನ ಚಾಸಿ ಇರೋ ಹಳೇ ಡೀಸೆಲ್‌ಗಳು. ಗ್ರೀಸ್ ಗಟ್ಟಿಯಾಗಿರುತ್ತೆ, ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ತೊಳೆದು ಪ್ಲಾಸ್ಟಿಕ್ಕಿಗೆ ಆಗೋ ಎಣ್ಣೆ ಒಂದೇ ಒಂದು ಹನಿ ಹಾಕಿ ಎರಡೂ ದಿಕ್ಕಿಗೆ ಅರ್ಧರ್ಧ ಗಂಟೆ ಓಡಿಸಿದ್ರೆ ಹೊಸದರ ಥರ ಆಗುತ್ತೆ. ನೋಡಬೇಕಾದ್ದು ಎರಡು, ಆಕ್ಸಲ್ ಮೇಲಿನ ಪ್ಲಾಸ್ಟಿಕ್ ಗೇರು ಸೀಳಿದೆಯಾ, ಚಾಸಿ ಊದಿಕೊಂಡು ಬಿರುಕು ಬಿಟ್ಟಿದೆಯಾ. ಗೇರು ಸಿಗುತ್ತೆ, ಬದಲಾಯಿಸ್ಬೋದು. ಚಾಸಿ ಹೋದ್ರೆ ಹೋಯ್ತು, ಎರಕ ಹೊಯ್ಯುವಾಗ ಸತುವಿನ ಲೋಹಕ್ಕೆ ಸೀಸ ಬೆರೆತು ಆಗೋ ಕಾಯಿಲೆ ಅದು, ರಿಪೇರಿ ಇಲ್ಲ.

ಕಂಪನಿಗಳಿಂದ ನಾನು ಕೇಳೋದು ಬಹಳ ಸಣ್ಣದು. ಡಬ್ಬಿ ಹಿಂದೆ ಇಷ್ಟುದ್ದ ಇತಿಹಾಸ ಬರೀತಾರಲ್ಲ, ಅದರ ಕೆಳಗೆ ಮೂರು ಸಾಲು ಸೇರಿಸ್ಲಿ, ಇಂಜಿನ್ ತೂಕ ಎಷ್ಟು ಗ್ರಾಂ, ಎಳೆತ ಎಷ್ಟು ಗ್ರಾಂ, ಎಷ್ಟು ಚಕ್ರದಿಂದ ಕರೆಂಟ್ ಎತ್ತುತ್ತೆ. ಮೂರೂ ಅವರ ಹತ್ರ ಅಳೆಯೋಕೆ ಐದು ನಿಮಿಷದ ಕೆಲಸ, ಆಮೇಲೆ ರೇಟ್ ಎಷ್ಟು ಬೇಕಾದ್ರೂ ಹಾಕ್ಲಿ, ಕೊಡಬೇಕಾ ಬೇಡವಾ ಅಂತ ನಾವು ನೋಡ್ಕೋತೀವಿ.