ಶೇ 10ರ ಹೊಣೆ

ನೆದರ್ಲೆಂಡ್ಸ್‌ನ ಹೇಗ್ ನಗರಕ್ಕೆ ಬಂದ ಮೇಲೆ ಇಲ್ಲಿನ ಒಂದು ತೀರ್ಪನ್ನು ಓದಿ ಅಸಹ್ಯಪಟ್ಟುಕೊಂಡಿದ್ದೆ. 1995ರ ಜುಲೈನಲ್ಲಿ ಬೋಸ್ನಿಯಾದ ಸ್ರೆಬ್ರೆನಿತ್ಸಾದಲ್ಲಿ ಸರ್ಬ್ ಪಡೆಗಳು ಎಂಟು ಸಾವಿರಕ್ಕೂ ಹೆಚ್ಚು ಮುಸ್ಲಿಂ ಗಂಡಸರನ್ನೂ ಹುಡುಗರನ್ನೂ ಕೊಂದವು. ವಿಶ್ವಸಂಸ್ಥೆ ಅದನ್ನು ಸುರಕ್ಷಿತ ವಲಯವೆಂದು ಸಾರಿತ್ತು. ಕಾವಲಿಗಿದ್ದವರು ಡಚ್ (ನೆದರ್ಲೆಂಡ್ಸ್‌ನ) ಸೈನಿಕರು. ತಮ್ಮ ಶಿಬಿರದೊಳಗೆ ಆಶ್ರಯ ಪಡೆದಿದ್ದ ಸುಮಾರು 350 ಗಂಡಸರನ್ನು ಅವರೇ ಹೊರಗೆ ಕಳುಹಿಸಿದರು. ಒಳಗಿದ್ದಿದ್ದರೆ ಬದುಕುಳಿಯುವ ಸಾಧ್ಯತೆ ಶೇ 10 ಇತ್ತು, ಹಾಗಾಗಿ ಸರ್ಕಾರದ ಹೊಣೆಯೂ ಅಷ್ಟೇ ಎಂದು 2019ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಕೆಳಗಿನ ನ್ಯಾಯಾಲಯ ಶೇ 30 ಎಂದಿತ್ತು. ಹೆಣದ ಮುಂದೆ ಚೌಕಾಸಿ ನಡೆಸಿದಂತೆ ಕಂಡಿತು.

ಈಗ ಹಾಗನ್ನಿಸುವುದಿಲ್ಲ. ಮಕ್ಕಳನ್ನು ಕಳೆದುಕೊಂಡ ತಾಯಂದಿರು ಪರದೇಶದ ಸರ್ಕಾರವನ್ನು ಅದರದೇ ಕೋರ್ಟಿನಲ್ಲಿ ನಿಲ್ಲಿಸಿ ಉತ್ತರ ಪಡೆದರಲ್ಲ! 2002ರಲ್ಲಿ ಇದೇ ವಿಷಯದ ತನಿಖಾ ವರದಿ ಬಂದಾಗ ಡಚ್ ಸಂಪುಟ ರಾಜೀನಾಮೆ ಕೊಟ್ಟಿತು. (ಚುನಾವಣೆಗೆ ತಿಂಗಳಷ್ಟೇ ಉಳಿದಿತ್ತು, ಮಹಾತ್ಯಾಗವೇನಲ್ಲ.)

ನಮ್ಮ ದೇಶದ ರೀತಿ ಬೇರೆ. ಒಂದು ಸರ್ಕಾರ ತನ್ನ ಜನರನ್ನು ನರಮೇಧದಿಂದ ಕಾಪಾಡದಿದ್ದರೆ ಜಗತ್ತು ಭದ್ರತಾ ಮಂಡಳಿಯ ಮೂಲಕ ಮುಂದೆ ಬರಬೇಕೆಂದು 2005ರಲ್ಲಿ ಎಲ್ಲ ದೇಶಗಳೂ ಒಪ್ಪಿದವು. ಭಾರತ ಒಪ್ಪಿದ್ದು ಅರೆಮನಸ್ಸಿನಿಂದ. 2011ರಲ್ಲಿ ಲಿಬಿಯಾದ ಮೇಲೆ ಬಲಪ್ರಯೋಗಕ್ಕೆ ಅನುಮತಿ ಕೊಟ್ಟ ನಿರ್ಣಯಕ್ಕೆ ಮತ ಹಾಕದೆ ದೂರ ಉಳಿಯಿತು. ಆ ಅನುಮಾನ ಸುಳ್ಳಾಗಲಿಲ್ಲ: ಜನರ ರಕ್ಷಣೆಗೆಂದು ಹೊರಟ ವಿಮಾನಗಳು ಗದ್ದಾಫಿಯ ಆಡಳಿತವನ್ನೇ ಉರುಳಿಸಿದವು.

ಆದರೆ 1971ರಲ್ಲಿ ನಾವು ಮಾಡಿದ್ದೇನು? ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಬಂದಿದ್ದರು. ಕದನವಿರಾಮ ಬೇಕೆಂದು ವಿಶ್ವಸಂಸ್ಥೆಯ ಮಹಾಸಭೆ 104–11 ಮತಗಳಿಂದ ಹೇಳಿದರೂ ನಮ್ಮ ಸೇನೆ ಢಾಕಾ ತಲುಪುವವರೆಗೆ ನಿಲ್ಲಲಿಲ್ಲ. ಆ ಯುದ್ಧದ ಬಗ್ಗೆ ನನಗೆ ಹೆಮ್ಮೆಯಿದೆ. ಅದರ ಹಿಂದಿದ್ದ ನ್ಯಾಯವನ್ನು ತತ್ತ್ವವಾಗಿ ಎತ್ತಿಹಿಡಿಯಲು ದೆಹಲಿ ಹಿಂಜರಿಯುವುದಷ್ಟೇ ನನ್ನ ದೂರು. ಒಳ್ಳೆಯದನ್ನು ಮಾಡಿಯೂ ಅದನ್ನು ಗಡಿ ರಕ್ಷಣೆಯ ಲೆಕ್ಕದಲ್ಲೇ ಬರೆದಿಟ್ಟಿದ್ದೇವೆ.

ನರಮೇಧ ತಡೆ ಒಪ್ಪಂದವನ್ನು ನಾವು 1959ರಲ್ಲೇ ಅನುಮೋದಿಸಿದ್ದೇವೆ. ಅದಕ್ಕೆ ತಕ್ಕ ಪ್ರತ್ಯೇಕ ಕಾನೂನು ಇನ್ನೂ ಬಂದಿಲ್ಲ. ಆ ತಾಯಂದಿರಂಥವರು ಭಾರತದ ನ್ಯಾಯಾಲಯಕ್ಕೆ ಬಂದರೆ ಯಾವ ಕಲಮು ತೋರಿಸಬೇಕು? ಇದೇ ಹೇಗ್‌ನಲ್ಲಿರುವ ಅಂತರರಾಷ್ಟ್ರೀಯ ನ್ಯಾಯಾಲಯಕ್ಕಂತೂ, ಪ್ರತಿ ಬಾರಿಯೂ ನಮ್ಮ ಒಪ್ಪಿಗೆ ಪಡೆದೇ ನಮ್ಮನ್ನು ಕರೆಯಬೇಕೆಂದು ಅಂದೇ ಷರತ್ತು ಹಾಕಿದ್ದೇವೆ.